ಸಣ್ಣ ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್: ನೋಡಿದವರು, ಕೇಳಿದವರು ನೆನಪು ಹಂಚಿಕೊಳ್ಳಿ

ಮಂಜಿನೂರು, ಮಿನ್ನೆಸೋಟ

ಅಮೆರಿಕದ ಫುಟ್‌ಬಾಲ್ ಅಂದರೆ ನಮ್ಮವರಿಗೆ ವೃತ್ತಿಪರ ತಂಡಗಳ ಫೈನಲ್ ಸೂಪರ್ ಬೌಲ್ ನೆನಪಾಗುತ್ತದೆ, ಇಲ್ಲವೇ ಲಕ್ಷ ಜನ ಕೂರುವ ಮಿಷಿಗನ್, ಓಹಾಯೋ ಸ್ಟೇಟ್ ಮೈದಾನಗಳು. ನನಗೆ ಈ ಆಟದ ಹುಚ್ಚು ಹತ್ತಿದ್ದು ಕಾಲೇಜ್‌ವಿಲ್‌ನಲ್ಲಿ. ಅದು ಊರು ಅನ್ನುವುದಕ್ಕಿಂತ ಪೈನ್ ಮರಗಳ ಕಾಡು, ಒಂದು ಕೆರೆ, ಬೆನೆಡಿಕ್ಟೀನ್ ಸನ್ಯಾಸಿಗಳ ಮಠ, ಆ ಮಠದವರೇ ಕಟ್ಟಿದ ಸೇಂಟ್ ಜಾನ್ಸ್ ಕಾಲೇಜು. ತಗ್ಗಿನಲ್ಲಿ ಮೈದಾನ, ಸುತ್ತ ದಿಬ್ಬ, ದಿಬ್ಬದ ಮೇಲೆ ಕಂಬಳಿ ಹೊದ್ದು ಕೂತ ಜನ.

2003ರ ನವೆಂಬರ್ 8. ನಾನು ಈ ದೇಶಕ್ಕೆ ಬಂದು ಮೂರು ತಿಂಗಳಾಗಿತ್ತು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವನು ಅದೇ ಕಾಲೇಜಿನಲ್ಲಿ ಓದಿದವನು, ಬಲವಂತವಾಗಿ ಕಾರು ಹತ್ತಿಸಿಕೊಂಡು ಹೋದ. ಅವತ್ತು ಬೆಥೆಲ್ ವಿರುದ್ಧ 29-26ರಲ್ಲಿ ಗೆದ್ದು ಕೋಚ್ ಜಾನ್ ಗಾಗ್ಲಿಯಾರ್ಡಿ 409ನೇ ಗೆಲುವು ಕಂಡರು. ಗ್ರ್ಯಾಂಬ್ಲಿಂಗ್‌ನ ಕೋಚ್ ಎಡ್ಡಿ ರಾಬಿನ್ಸನ್ ಅವರ 408 ಗೆಲುವಿನ ದಾಖಲೆ ಮುರಿಯಿತು. ನನಗೆ ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ಆದರೆ ಪಕ್ಕದಲ್ಲಿ ಕೂತಿದ್ದ ಬಿಳಿ ಗಡ್ಡದ ಅಜ್ಜ ಒಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಅದನ್ನು ನೋಡಿ ಇಲ್ಲಿ ಏನೋ ದೊಡ್ಡದು ನಡೆದಿದೆ ಅಂತ ಗೊತ್ತಾಯಿತು.

ಆಮೇಲೆ ಓದುತ್ತಾ ಹೋದೆ. 1943ರಲ್ಲಿ ಕೊಲೊರಾಡೋದ ಒಂದು ಹೈಸ್ಕೂಲಿನಲ್ಲಿ ಕೋಚ್ ಯುದ್ಧಕ್ಕೆ ಹೋದಾಗ, ಹದಿನಾರು ವರ್ಷದ ಆಟಗಾರ ಜಾನ್ ತಂಡದ ಹೊಣೆ ಹೊತ್ತರು. ಮೊಂಟಾನಾದ ಕ್ಯಾರೊಲ್ ಕಾಲೇಜಿನಲ್ಲಿ ನಾಲ್ಕು ವರ್ಷ ಕಳೆದು 1953ಕ್ಕೆ ಸೇಂಟ್ ಜಾನ್ಸ್‌ಗೆ ಬಂದವರು 2012ರವರೆಗೂ ಅಲ್ಲೇ ಇದ್ದರು. ಒಟ್ಟು 489 ಗೆಲುವು, 138 ಸೋಲು, 11 ಸಮ. ಕಾಲೇಜು ಫುಟ್‌ಬಾಲಿನಲ್ಲಿ ಇಷ್ಟು ಗೆದ್ದ ಕೋಚ್ ಇನ್ನೊಬ್ಬರಿಲ್ಲ. ಪ್ರಾಕ್ಟೀಸಿನಲ್ಲಿ ಒಬ್ಬರನ್ನೊಬ್ಬರು ಕೆಡವುವಂತಿಲ್ಲ, ಸೀಟಿ ಊದುವುದಿಲ್ಲ, ‘ಕೋಚ್’ ಅಂತ ಯಾರೂ ಕರೆಯುವಂತಿಲ್ಲ, ಹದಿನೆಂಟರ ಹುಡುಗನೂ ‘ಜಾನ್’ ಅನ್ನಬೇಕು. ಬೈಗುಳ, ದಂಡನೆ ಇಲ್ಲದೆ ಅರವತ್ತು ವರ್ಷ ತಂಡ ನಡೆಸಬಹುದು ಅನ್ನುವುದನ್ನು ನಾನು ಕಣ್ಣಾರೆ ಕಂಡೆ. ಬೆತ್ತದ ಭಯದಲ್ಲೇ ಆಟ ಕಲಿತ ನನ್ನಂಥವನಿಗೆ ಅದು ಎಷ್ಟು ದೊಡ್ಡ ಮಾತು ಅಂತ ನಿಮಗೆ ಗೊತ್ತಿರುತ್ತದೆ.

ಹೀಗೆ ಸಣ್ಣ ಕಾಲೇಜಿನ ಆಟ ಕಂಡವರು, ಕಥೆ ಗೊತ್ತಿರುವವರು ಇಲ್ಲಿ ಬರೆಯಿರಿ.

ನೇರಳೆ_ಅಂಗಿ, ಓಹಾಯೋ

ಮಂಜಿನೂರು ಸರ್, ನೀವು ಆ ವರ್ಷದ ಡಿಸೆಂಬರ್ ವಿಷಯ ಬಿಟ್ಟುಬಿಟ್ಟಿರಿ. ನಾವು ಅಲಯನ್ಸ್ ಊರಿನ ಹತ್ತಿರದವರು, ಅಲ್ಲಿಯ ಮೌಂಟ್ ಯೂನಿಯನ್ ಕಾಲೇಜಿನ ಅಭಿಮಾನಿಗಳು. 2003ರ ಸ್ಟ್ಯಾಗ್ ಬೌಲ್, ಅಂದರೆ ಸಣ್ಣ ಕಾಲೇಜುಗಳ ರಾಷ್ಟ್ರೀಯ ಫೈನಲ್‌ನಲ್ಲಿ ನಿಮ್ಮವರು ನಮ್ಮನ್ನು 24-6ರಲ್ಲಿ ಸೋಲಿಸಿದರು. ಅದಕ್ಕೆ ಮುಂಚೆ ನಾವು ಸಾಲಾಗಿ 55 ಪಂದ್ಯ ಗೆದ್ದಿದ್ದೆವು. ಅದಕ್ಕೂ ಮುಂಚೆ, 1996ರಿಂದ 1999ರವರೆಗೆ, 54. ನಡುವೆ ರೋವನ್ ಎದುರು ಒಂದೇ ಸೋಲು. ಅಂದರೆ 110 ಪಂದ್ಯಗಳಲ್ಲಿ 109 ಗೆಲುವು. ವರ್ಜೀನಿಯಾದ ಸೇಲಂನಿಂದ ಅವತ್ತು ರಾತ್ರಿ ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆದರೂ ಸೋತದ್ದು ಜಾನ್ ಅವರ ತಂಡಕ್ಕೆ ಅನ್ನುವ ಸಮಾಧಾನ ಇತ್ತು.

ನಮ್ಮ ಕೋಚ್ ಲ್ಯಾರಿ ಕೆರೆಸ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. 1986ರಿಂದ 2012ರವರೆಗೆ 332 ಗೆಲುವು, 24 ಸೋಲು, 3 ಸಮ, ಹನ್ನೊಂದು ರಾಷ್ಟ್ರೀಯ ಪ್ರಶಸ್ತಿ. ಗೆಲುವಿನ ಸರಾಸರಿಯಲ್ಲಿ ಅವರ ಮೇಲೆ ಯಾರೂ ಇಲ್ಲ. ಗಾಗ್ಲಿಯಾರ್ಡಿ ಅವರಿಗೂ ಇವರಿಗೂ ಕೊನೆಯ ಸೀಸನ್ ಒಂದೇ, 2012. ಈಗ ಫಿಲಡೆಲ್ಫಿಯಾ ಈಗಲ್ಸ್ ಕೋಚ್ ಆಗಿ 2025ರಲ್ಲಿ ಸೂಪರ್ ಬೌಲ್ ಗೆದ್ದ ನಿಕ್ ಸಿರಿಯಾನಿ, 2003ರಲ್ಲಿ ಸೋತ ನಮ್ಮ ತಂಡದ ಹುಡುಗ. ಟೀವಿಯಲ್ಲಿ ಅವರು ಟ್ರೋಫಿ ಎತ್ತಿದಾಗ ನಮ್ಮ ಮನೆಯಲ್ಲಿ ಹಬ್ಬ.

ಬನಶಂಕರಿ_2ನೇ_ಹಂತ

ನಾನು ಬೆಂಗಳೂರಿನಲ್ಲಿ ಕೂತು ಓದುತ್ತಿದ್ದೇನೆ. ‘ಸಣ್ಣ ಕಾಲೇಜು’ ಅಂತ ಹೇಗೆ ವಿಂಗಡಿಸುತ್ತಾರೆ? ಆಟವೇ ಬೇರೆಯೋ?

ಮಂಜಿನೂರು, ಮಿನ್ನೆಸೋಟ

ಆಟ ಅದೇ. ಹನ್ನೊಂದು ಜನ, ನಾಲ್ಕು ಯತ್ನದೊಳಗೆ ಚೆಂಡನ್ನು ಹತ್ತು ಗಜ ಮುಂದೆ ಒಯ್ಯಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. 1973ರಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿತು. ಮೂರನೆಯದರಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಎಲ್ಲರ ಹಾಗೆ ಓದಿಗೆ ಫೀಸು ಕಟ್ಟಿ, ಸಂಜೆ ಲ್ಯಾಬ್ ಮುಗಿಸಿ ಮೈದಾನಕ್ಕೆ ಬರುವ ಹುಡುಗರು. ಟೀವಿ ದುಡ್ಡಿಲ್ಲ, ಮುಂದೆ ವೃತ್ತಿಪರ ಆಟಗಾರರಾಗುವ ಭರವಸೆಯೂ ಇಲ್ಲ. ಆಡಬೇಕು ಅನ್ನಿಸುವುದಕ್ಕೇ ಆಡುತ್ತಾರೆ, ಹಾಗಾಗಿಯೇ ನನಗೆ ಇದು ಇಷ್ಟ.

ಕಲ್ಲುಸಕ್ರಿ, ಕೆಂಟಕಿ

ನಮಸ್ಕಾರ್ರೀ ಎಲ್ಲಾರಿಗೂ. ನಾವು ಧಾರವಾಡದವರು, ಇಲ್ಲೆ ಕೆಂಟಕಿಯೊಳಗ ಹದಿನಾರು ವರ್ಷದಿಂದ ಅದೀವಿ. ಡ್ಯಾನ್‌ವಿಲ್ ಅಂತ ಸಣ್ಣ ಊರೈತಿ, ಅಲ್ಲಿ ಸೆಂಟರ್ ಕಾಲೇಜು. ನಮ್ಮನಿಯವರು ಕೆಮಿಸ್ಟ್ರಿ ಕಲಸ್ತಾರ. ಮೊದಲನೇ ಸಲ ಆ ಊರಿಗೆ ಹೋದಾಗ ಹಳೇ ಪೋಸ್ಟ್ ಆಫೀಸಿನ ಗ್ವಾಡಿ ಮ್ಯಾಲೆ ಬರದಿದ್ದು ನೋಡಿ ನಿಂತ್ರು: ‘ಸಿ6ಎಚ್0’. ‘ಇಂಥಾ ರಾಸಾಯನಿಕ ಇರಾಕ ಸಾಧ್ಯನ ಇಲ್ಲ, ಹೈಡ್ರೋಜನ್ ಸೊನ್ನಿ ಅಂದ್ರ ಹ್ಯಾಂಗ?’ ಅಂದ್ರು.

ಅದು ಸೂತ್ರ ಅಲ್ರೀ, ಸ್ಕೋರು. ಸೆಂಟರ್ 6, ಹಾರ್ವರ್ಡ್ 0. 1921ರ ಅಕ್ಟೋಬರ್ 29. ಮುನ್ನೂರು ಹುಡುಗರೂ ಇಲ್ಲದ ಕಾಲೇಜು, ಆ ಕಾಲದ ದೈತ್ಯ ಹಾರ್ವರ್ಡ್‌ನ ಅವರ ಮನಿಗೇ ಹೋಗಿ ಸೋಲಿಸಿ ಬಂತು. ಅದರ ಹಿಂದಿನ ವರ್ಷ 31-14ರಾಗ ಸೋತು ಬಂದಿದ್ರು, ಅಂಜಲಿಲ್ಲ, ಮತ್ತ ಹೋದ್ರು. ಬೋ ಮ್ಯಾಕ್‌ಮಿಲಿನ್ ಅನ್ನೋ ಕ್ವಾರ್ಟರ್‌ಬ್ಯಾಕ್, ಅಂದ್ರ ತಂಡದ ಆಟ ನಡಸೋ ಹುಡುಗ, 32 ಗಜ ಓಡಿ ಚೆಂಡನ್ನ ಕಡೀ ಗೆರೆ ದಾಟಿಸಿ ಒಂದ ಒಂದು ಟಚ್‌ಡೌನ್ ಮಾಡಿದ. ಊರ ತುಂಬ ಹುಡುಗರು ಆ ‘ಸೂತ್ರ’ ಬರದ್ರಂತ. ಬಾಕಿ ಎಲ್ಲಾ ಅಳಿಸಿ ಹೋಗ್ಯಾವ, ಆ ಗ್ವಾಡಿದು ನೂರು ವರ್ಷ ದಾಟಿದ್ರೂ ಐತಿ. ಈಗ ನಮ್ಮನಿಯವರು ಹೊಸಾ ಹುಡುಗರಿಗೆ ಮೊದಲನೇ ದಿನದ ಪಾಠ ಇದರಿಂದನ ಶುರು ಮಾಡ್ತಾರ.

ಬನಶಂಕರಿ_2ನೇ_ಹಂತ

ಅಕ್ಕಾ, ಇದನ್ನು ನನ್ನ ಪಿಯುಸಿ ಮಗಳಿಗೆ ಓದಿ ಹೇಳಿದೆ. ಅವಳಿಗೆ ಬಹಳ ಖುಷಿಯಾಯಿತು.

ಹೊಳೆದಂಡೆ, ಪೆನ್ಸಿಲ್ವೇನಿಯಾ

ಖುಷಿಯ ಕಥೆಗಳ ನಡುವೆ ಒಂದು ಭಾರದ ಕಥೆ ಹೇಳುತ್ತೇನೆ. ಸಣ್ಣ ಶಾಲೆಗಳ ಫುಟ್‌ಬಾಲ್ ಇತಿಹಾಸ ಬರೆದು ಕಾರ್ಲೈಲ್ ಬಿಟ್ಟರೆ ಅನ್ಯಾಯ.

1879ರಲ್ಲಿ ರಿಚರ್ಡ್ ಪ್ರ್ಯಾಟ್ ಎಂಬ ಸೇನಾಧಿಕಾರಿ ಕಾರ್ಲೈಲ್‌ನಲ್ಲಿ ಮೂಲನಿವಾಸಿ ಮಕ್ಕಳಿಗೆ ವಸತಿಶಾಲೆ ತೆರೆದ. ಮಕ್ಕಳನ್ನು ತಂದೆತಾಯಿಯಿಂದ ಸಾವಿರಾರು ಮೈಲಿ ದೂರ ತಂದು, ಜಡೆ ಕತ್ತರಿಸಿ, ಹೆಸರು ಬದಲಿಸಿ, ತಮ್ಮ ಭಾಷೆ ಆಡಿದರೆ ಶಿಕ್ಷಿಸುತ್ತಿದ್ದರು. ಅಂಥ ಜಾಗದಲ್ಲಿ ಆ ಹುಡುಗರು ಒಂದು ತಂಡ ಕಟ್ಟಿದರು. ಪಾಪ್ ವಾರ್ನರ್ ಕೋಚ್. ಎದುರಾಳಿಗಳಿಗಿಂತ ಮೈಯಲ್ಲಿ ಹಗುರ, ಆದ್ದರಿಂದ ವೇಗ ಮತ್ತು ಉಪಾಯದ ಆಟ. 1911ರಲ್ಲಿ ಹಾರ್ವರ್ಡ್ ವಿರುದ್ಧ 18-15. ಜಿಮ್ ಥಾರ್ಪ್ ಒಬ್ಬರೇ ನಾಲ್ಕು ಫೀಲ್ಡ್ ಗೋಲ್ (ಚೆಂಡನ್ನು ಗೋಲ್ ಕಂಬಗಳ ನಡುವೆ ಒದೆಯುವುದು) ಹೊಡೆದರು. 1912ರ ನವೆಂಬರ್ 9ರಂದು ವೆಸ್ಟ್ ಪಾಯಿಂಟ್‌ಗೇ ಹೋಗಿ ಸೇನೆಯ ತಂಡವನ್ನು 27-6ರಲ್ಲಿ ಸೋಲಿಸಿದರು. ಸೇನೆ ಮೂಲನಿವಾಸಿಗಳನ್ನು ಕೊಂದ ವೂಂಡೆಡ್ ನೀ ಹತ್ಯಾಕಾಂಡ ಕಳೆದು ಆಗ ಇನ್ನೂ ಇಪ್ಪತ್ತೆರಡು ವರ್ಷ. ಎದುರು ಆಡುತ್ತಿದ್ದ ಕೆಡೆಟ್‌ಗಳಲ್ಲಿ ಮುಂದೆ ಅಧ್ಯಕ್ಷರಾದ ಐಸೆನ್‌ಹೋವರ್ ಇದ್ದರು. ಅದೇ ವರ್ಷ ಥಾರ್ಪ್ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದಿದ್ದರು. ಮರುವರ್ಷ ಅವನ್ನು ಕಿತ್ತುಕೊಂಡರು, ಪೂರ್ತಿ ನ್ಯಾಯ ಸಿಕ್ಕಿದ್ದು 2022ರಲ್ಲಿ.

ಶಾಲೆ 1918ರಲ್ಲಿ ಮುಚ್ಚಿತು. ಅಲ್ಲಿ ಈಗ ಸೇನೆಯ ಉನ್ನತ ಕಾಲೇಜಿದೆ. ಗೇಟಿನ ಹತ್ತಿರ ಮಕ್ಕಳ ಸಮಾಧಿಗಳ ಬಿಳಿ ಕಲ್ಲುಗಳು. 2017ರಿಂದ ಒಂದೊಂದಾಗಿ ಆ ಮಕ್ಕಳ ಅಸ್ಥಿಗಳನ್ನು ಅವರವರ ಜನರಿಗೆ ಮರಳಿಸುತ್ತಿದ್ದಾರೆ. ಮಗಳಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದ ವರ್ಷ ಅಲ್ಲಿಗೆ ಹೋಗಿದ್ದೆ. ಕಲ್ಲುಗಳ ಮುಂದೆ ನಿಂತು ನನಗೆ ಮಾತು ಬರಲಿಲ್ಲ. ಆ ತಂಡದ ಗೆಲುವನ್ನು ನಾನು ಬರೀ ಆಟ ಅಂತ ಓದಲಾರೆ.

ಮಂಜಿನೂರು, ಮಿನ್ನೆಸೋಟ

ಹೊಳೆದಂಡೆ ಅವರೇ, ಇದನ್ನು ಬರೆದದ್ದಕ್ಕೆ ಕೃತಜ್ಞ.

ಸನ್ನೆಮಾತು, ಮೇರಿಲ್ಯಾಂಡ್

ನನ್ನ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಆದ್ದರಿಂದ ನಾನು ಈ ಆಟದೊಳಗೆ ಬಂದದ್ದು ಬೇರೆ ಬಾಗಿಲಿನಿಂದ. ವಾಷಿಂಗ್ಟನ್‌ನ ಗ್ಯಾಲಡೆಟ್, ಲಿಂಕನ್ 1864ರಲ್ಲಿ ಸನ್ನದಿಗೆ ಸಹಿ ಹಾಕಿದ, ಕಿವುಡರಿಗಾಗಿಯೇ ಇರುವ ಕಾಲೇಜು.

ಪ್ರತಿ ಯತ್ನಕ್ಕೂ ಮುಂಚೆ ಆಟಗಾರರು ತಲೆಗೆ ತಲೆ ತಾಗುವಂತೆ ಸುತ್ತುಗಟ್ಟಿ ನಿಲ್ಲುತ್ತಾರಲ್ಲ, ಆ ‘ಹಡಲ್’ ಶುರುವಾದದ್ದು ಇಲ್ಲಿ, 1890ರ ದಶಕದಲ್ಲಿ. ಪಾಲ್ ಹಬ್ಬಾರ್ಡ್ ಅನ್ನುವ ಕ್ವಾರ್ಟರ್‌ಬ್ಯಾಕ್ ಮುಂದಿನ ನಡೆಯನ್ನು ಕೈಸನ್ನೆಯಲ್ಲಿ ಹೇಳುತ್ತಿದ್ದ. ಕೇಳಿಸುವವರ ತಂಡ ಎದುರಿದ್ದರೆ ತೊಂದರೆಯಿಲ್ಲ. ಎದುರಾಳಿಯೂ ಕಿವುಡರ ತಂಡವಾದರೆ ಆ ಸನ್ನೆ ಅವರಿಗೂ ಅರ್ಥವಾಗುತ್ತದೆ! ಅದಕ್ಕೇ ಜೊತೆಗಾರರನ್ನು ಸುತ್ತ ನಿಲ್ಲಿಸಿ, ಬೆನ್ನುಗಳ ಗೋಡೆಯೊಳಗೆ ಕೈಯಾಡಿಸಿದ. ಮೈದಾನದ ಅಂಚಿನಲ್ಲಿ ದೊಡ್ಡ ನಗಾರಿ ಬಾರಿಸಿ, ಅದರ ಕಂಪನದಿಂದ ಆಟ ಶುರುವಿನ ಸೂಚನೆ ಕೊಡುವ ರೂಢಿಯೂ ಅವರಲ್ಲಿತ್ತು.

ತಮ್ಮ ಮೈಸೂರಿನಿಂದ ಬಂದಾಗ ಒಂದು ಪಂದ್ಯಕ್ಕೆ ಕರೆದುಕೊಂಡು ಹೋದೆ. ನೋಡುಗರ ಗುಂಪಿನಲ್ಲಿ ಎಲ್ಲರ ಕೈಗಳೂ ಮಾತಾಡುತ್ತಿದ್ದವು. ಅಲ್ಲಿಯ ಸನ್ನೆ ಬೇರೆ, ನಮ್ಮ ಸನ್ನೆ ಬೇರೆ. ಆದರೂ ಅರ್ಧ ಗಂಟೆಯಲ್ಲಿ ಅವನು ನಾಲ್ಕು ಜನರ ಸ್ನೇಹಿತ. ನಾನೇ ಏನೂ ಅರ್ಥವಾಗದೆ ಕೂತಿದ್ದೆ. ಮೂವತ್ತು ವರ್ಷ ಅವನು ನಮ್ಮ ಮದುವೆಮನೆಗಳಲ್ಲಿ ಹೇಗೆ ಕೂತಿದ್ದ ಅನ್ನುವುದು ಅವತ್ತು ಗೊತ್ತಾಯಿತು.

ಹಳೇಗ್ರಂಥಾಲಯ, ಶಿಕಾಗೋ

ಸನ್ನೆಮಾತು ಅವರ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹಡಲ್ ಬಗ್ಗೆ ಒಂದು ಚರ್ಚೆ ಇದೆ: ಶಿಕಾಗೋ ವಿಶ್ವವಿದ್ಯಾಲಯದ ಕೋಚ್ ಅಮೋಸ್ ಅಲೊಂಜೊ ಸ್ಟ್ಯಾಗ್ ಕೂಡ 1890ರ ದಶಕದಲ್ಲೇ ಅದನ್ನು ಬಳಸಿದರು ಅನ್ನುವವರಿದ್ದಾರೆ. ಗ್ಯಾಲಡೆಟ್‌ನದೇ ಮೊದಲು ಅನ್ನುವುದು ನನ್ನ ಮತ, ಯಾಕೆಂದರೆ ಅಲ್ಲಿ ಅದಕ್ಕೆ ನಿಜವಾದ ಅಗತ್ಯವಿತ್ತು.

ಶಿಕಾಗೋ ವಿಶ್ವವಿದ್ಯಾಲಯ ಸಣ್ಣದಲ್ಲ, ಆದರೆ ಅದರ ಫುಟ್‌ಬಾಲ್ ಸಣ್ಣದಾಯಿತು. ಸ್ಟ್ಯಾಗ್ 1892ರಿಂದ ನಲವತ್ತು ವರ್ಷ ಅಲ್ಲಿದ್ದರು. ಕಾಲೇಜು ಫುಟ್‌ಬಾಲಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯ ಮೊದಲಿಗ, 1935ರ ಜೇ ಬರ್ವ್ಯಾಂಗರ್, ಅಲ್ಲಿಯವರು. 1939ರಲ್ಲಿ ಮಿಷಿಗನ್ ಎದುರು 85-0 ಸೋಲು. ಆ ಡಿಸೆಂಬರಿನಲ್ಲೇ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಅವರ ಕಾಲದ ವಿಶ್ವವಿದ್ಯಾಲಯ ಆಟವನ್ನೇ ಕೈಬಿಟ್ಟಿತು. ಖಾಲಿ ಬಿದ್ದ ಸ್ಟೇಡಿಯಂನ ಪಶ್ಚಿಮ ಕಟ್ಟೆಯ ಕೆಳಗಿನ ಅಂಗಳದಲ್ಲಿ 1942ರ ಡಿಸೆಂಬರ್ 2ರಂದು ಭೌತವಿಜ್ಞಾನಿ ಫರ್ಮಿ ಅವರ ತಂಡ ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆಸಿತು. ಆಮೇಲೆ ಮೈದಾನ ಇದ್ದ ಜಾಗದಲ್ಲಿ ರೆಗೆನ್‌ಸ್ಟೈನ್ ಗ್ರಂಥಾಲಯ ಬಂತು, 1970ರಲ್ಲಿ ತೆರೆಯಿತು. ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೂ ಪಾಠ ಮಾಡಿದ್ದು ಈ ವಿಶ್ವವಿದ್ಯಾಲಯದಲ್ಲಿ. ಕನ್ನಡ ಪುಸ್ತಕ ಹುಡುಕಿಕೊಂಡು ಆ ಗ್ರಂಥಾಲಯಕ್ಕೆ ಹೋದಾಗಲೆಲ್ಲ ಕಾಲ ಕೆಳಗೆ ಹಳೇ ಮೈದಾನ ಇದೆ ಅನ್ನಿಸುತ್ತದೆ. ಆಟ 1969ರಲ್ಲಿ ಮರಳಿ ಬಂತು. ಈಗ ಡಿವಿಷನ್ 3ರಲ್ಲಿದೆ, ನೆಮ್ಮದಿಯಾಗಿದೆ.

ನೇರಳೆ_ಅಂಗಿ, ಓಹಾಯೋ

85-0 ಅಂದಿರಲ್ಲ, 222-0 ಕೇಳಿದ್ದೀರಾ? 1916ರ ಅಕ್ಟೋಬರ್ 7, ಅಟ್ಲಾಂಟಾ. ಟೆನೆಸಿಯ ಕಂಬರ್ಲ್ಯಾಂಡ್ ಕಾಲೇಜು ಫುಟ್‌ಬಾಲ್ ತಂಡವನ್ನೇ ವಿಸರ್ಜಿಸಿತ್ತು. ಆದರೆ ಜಾರ್ಜಿಯಾ ಟೆಕ್ ಜೊತೆ ಒಪ್ಪಂದವಾಗಿತ್ತು, ಬಾರದಿದ್ದರೆ 3,000 ಡಾಲರ್ ದಂಡ. ಸಿಕ್ಕ ಹುಡುಗರನ್ನು ಸೇರಿಸಿಕೊಂಡು ರೈಲು ಹತ್ತಿದರು. ಟೆಕ್ ಕೋಚ್ ಜಾನ್ ಹೈಸ್ಮನ್‌ಗೆ ಬೇಸ್‌ಬಾಲ್‌ನಲ್ಲಿ ಇವರ ಎದುರು 22-0 ಸೋತ ಸಿಟ್ಟು ಬೇರೆ. ಅರ್ಧ ಆಟಕ್ಕೇ 126-0. ನನಗೆ ಗೆದ್ದವರ ಮೇಲೆ ಗೌರವ ಇಲ್ಲ. ಆ ರೈಲು ಹತ್ತಿದ ಹುಡುಗರ ಮೇಲೆ ಇದೆ. ಕಾಲೇಜು ದಂಡ ಕಟ್ಟುವ ಹಾಗಾಗಬಾರದು ಅಂತ ಹೋಗಿ ಅಷ್ಟು ಹೊಡೆತ ತಿಂದರು.

ಕಾವೇರಿತೀರ, ಸೇಂಟ್ ಪಾಲ್

ಎಲ್ಲರಿಗೂ ನಮಸ್ಕಾರ. ನನಗೀಗ ಎಪ್ಪತ್ತೆರಡು. 1977ರಲ್ಲಿ ಮಿನ್ನೆಸೋಟಕ್ಕೆ ಓದಲು ಬಂದೆ. ಆಗ ಇಲ್ಲಿ ಕನ್ನಡ ಮಾತಾಡಲು ವಾರಕ್ಕೊಮ್ಮೆ ಬರುವ ಏರೋಗ್ರಾಮ್ ಒಂದೇ ಗತಿ. ಬಾಡಿಗೆ ಕೋಣೆ ಮೆಕಾಲೆಸ್ಟರ್ ಕಾಲೇಜಿನ ಹತ್ತಿರ. ಕೋಫಿ ಅನ್ನಾನ್ ಓದಿದ ಕಾಲೇಜು ಅದು. ಶನಿವಾರ ಮಧ್ಯಾಹ್ನ ಅವರ ಮೈದಾನದ ಕಡೆ ಹೋಗಿ ನಿಲ್ಲುತ್ತಿದ್ದೆ.

ಆ ತಂಡ ಸೋಲುತ್ತಿತ್ತು. ಪ್ರತಿ ವಾರ. 1974ರಿಂದ ಸಾಲಾಗಿ ಐವತ್ತು ಪಂದ್ಯ ಸೋತರು. ಆ ಹುಡುಗರಿಗೆ ಯಾರೂ ಬಲವಂತ ಮಾಡಿರಲಿಲ್ಲ, ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ನಾನು ಮೊದಲ ವರ್ಷ ಒಂದು ಪರೀಕ್ಷೆಯಲ್ಲಿ ಫೇಲಾಗಿ, ಟಿಕೆಟ್ಟಿಗೆ ದುಡ್ಡಿದ್ದಿದ್ದರೆ ಊರಿಗೆ ಹೊರಟುಬಿಡುತ್ತಿದ್ದ ದಿನಗಳವು. ಶನಿವಾರ ಆ ಮೈದಾನದ ಬೇಲಿ ಹಿಡಿದು ನಿಂತರೆ, ಕೆಸರು ಮೆತ್ತಿಕೊಂಡು ಮತ್ತೆ ಎದ್ದು ಸಾಲಿಗೆ ನಿಲ್ಲುವ ಹುಡುಗರು ಕಾಣುತ್ತಿದ್ದರು. ಯಾರ ಹತ್ತಿರವೂ ಇದನ್ನು ಹೇಳಿಕೊಂಡಿರಲಿಲ್ಲ.

1980ರ ಸೆಪ್ಟೆಂಬರ್ 6ರಂದು ಮೌಂಟ್ ಸೆನಾರಿಯೋ ಎದುರು 17-14ರಲ್ಲಿ ಗೆದ್ದರು. ಕೊನೆಯ ಕೆಲವೇ ಸೆಕೆಂಡುಗಳಿರುವಾಗ ಒಂದು ಫೀಲ್ಡ್ ಗೋಲ್. ಅವತ್ತು ಲ್ಯಾಬಿನಲ್ಲಿದ್ದೆ, ಮರುದಿನ ಪತ್ರಿಕೆಯಲ್ಲಿ ಓದಿದೆ. ಆ ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ, ಈಗ ಹಳದಿಯಾಗಿದೆ.

ಬೆಂಡೆಕಾಯಿ_ಗೊಜ್ಜು, ಲೂಸಿಯಾನಾ

ಕಾವೇರಿತೀರ ಸರ್, ಸಾಷ್ಟಾಂಗ ನಮಸ್ಕಾರ.

ಮೇಲೆ ಎಡ್ಡಿ ರಾಬಿನ್ಸನ್ ಹೆಸರು ಬರೀ ಮುರಿದುಹೋದ ದಾಖಲೆಯಾಗಿ ಬಂತು, ಅದಕ್ಕೆ ಬರೆಯುತ್ತಿದ್ದೇನೆ. 1941ರಿಂದ 1997ರವರೆಗೆ ಅವರು ಒಂದೇ ಕಾಲೇಜಿನಲ್ಲಿದ್ದರು. ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳು ಕಪ್ಪು ಹುಡುಗರನ್ನು ಒಳಗೇ ಬಿಡದ ಕಾಲದಲ್ಲಿ ಗ್ರ್ಯಾಂಬ್ಲಿಂಗ್‌ನಂಥ ಕಪ್ಪು ಜನರ ಕಾಲೇಜುಗಳೇ ಅವರಿಗೆ ಮನೆ. 200ಕ್ಕೂ ಹೆಚ್ಚು ಹುಡುಗರನ್ನು ಅವರು ವೃತ್ತಿಪರ ಆಟಕ್ಕೆ ಕಳಿಸಿದರು. ಅವರಲ್ಲೊಬ್ಬರು ಡಗ್ ವಿಲಿಯಮ್ಸ್, 1988ರ ಸೂಪರ್ ಬೌಲ್ ಗೆಲ್ಲಿಸಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್. ವೃತ್ತಿಪರ ಆಟದಲ್ಲಿ ದೊಡ್ಡ ಹೆಸರಾದ ಜೆರಿ ರೈಸ್ ಬಂದದ್ದು ಮಿಸಿಸಿಪಿಯ ಇಟ್ಟಾ ಬೀನಾ ಅನ್ನುವ ಪುಟ್ಟ ಊರಿನ ಕಾಲೇಜಿನಿಂದ. ನ್ಯೂ ಆರ್ಲಿಯನ್ಸ್‌ನಲ್ಲಿ ಗ್ರ್ಯಾಂಬ್ಲಿಂಗ್ ಮತ್ತು ಸದರ್ನ್ ಆಡುವ ಬೇಯೂ ಕ್ಲಾಸಿಕ್‌ಗೆ ಒಮ್ಮೆ ಬನ್ನಿ. ನಡುವಿರಾಮದಲ್ಲಿ ಯಾರೂ ಎದ್ದು ಹೋಗುವುದಿಲ್ಲ. ಬ್ಯಾಂಡ್ ಮೈದಾನಕ್ಕಿಳಿದರೆ ನಮ್ಮ ಡೊಳ್ಳು ಕುಣಿತದ ಹಾಗೆ ಎದೆಯೊಳಗೆ ಬಡಿಯುತ್ತದೆ.

ಅಮ್ಮ_ಮತ್ತು_ನರ್ಸ್, ಟೆಕ್ಸಸ್

ಎಲ್ಲ ಓದಿದೆ. ನನ್ನ ಮಗನಿಗೆ ಹದಿನೈದು, ಆಡುತ್ತೇನೆ ಅಂತ ಹಟ. ತಲೆಗೆ ಪೆಟ್ಟು ಬಿದ್ದವರನ್ನು ಆಸ್ಪತ್ರೆಯಲ್ಲಿ ನೋಡುವವಳು ನಾನು. ಹೇಗೆ ಹೂಂ ಅನ್ನಲಿ?

ಮಂಜಿನೂರು, ಮಿನ್ನೆಸೋಟ

ನಿಮ್ಮ ಭಯ ಸರಿಯಾದದ್ದೇ ಮೇಡಂ. ಈ ಆಟ ಅಪಾಯದ್ದು, ಅದನ್ನು ಮುಚ್ಚಿಡಬಾರದು. ಪ್ರಾಕ್ಟೀಸಿನಲ್ಲಿ ಕೆಡವುವುದು ಬೇಡ ಅಂತ ಜಾನ್ ಅಂದಾಗ ಅದು ವಿಚಿತ್ರ ಅನ್ನಿಸಿತ್ತು. 2010ರಲ್ಲಿ ಡಾರ್ಟ್‌ಮತ್‌ನ ಕೋಚ್ ಬಡ್ಡಿ ಟೀವೆನ್ಸ್ ಅದನ್ನೇ ಮಾಡಿದ ಮೇಲೆ ಉಳಿದವರೂ ಕಣ್ಣು ತೆರೆದರು. ಮಗನ ಶಾಲೆಯ ಕೋಚ್ ಹತ್ತಿರ ಹೋಗಿ, ವಾರಕ್ಕೆ ಎಷ್ಟು ದಿನ ಮೈಗೆ ಮೈ ತಾಗುವ ಪ್ರಾಕ್ಟೀಸ್ ಅಂತ ನೇರ ಕೇಳಿ. ಉತ್ತರ ಸಮಾಧಾನ ತರದಿದ್ದರೆ ಬೇಡ ಅನ್ನಿ.

ಅಮ್ಮ_ಮತ್ತು_ನರ್ಸ್, ಟೆಕ್ಸಸ್

ಕೇಳುತ್ತೇನೆ. ಅವನು ಹುಚ್ಚಾದದ್ದು ಒಂದು ವಿಡಿಯೋ ನೋಡಿ. ನಮ್ಮ ಸ್ಯಾನ್ ಆಂಟೋನಿಯೋದ ಟ್ರಿನಿಟಿ ವಿಶ್ವವಿದ್ಯಾಲಯದ ತಂಡ, 2007ರ ಅಕ್ಟೋಬರ್ 27, ಮಿಲ್ಸ್ಯಾಪ್ಸ್ ಎದುರು. ಎರಡು ಅಂಕ ಹಿಂದೆ, ಎರಡು ಸೆಕೆಂಡ್ ಬಾಕಿ, 61 ಗಜ ದೂರ. ಸಿಕ್ಕಿಬೀಳುವ ಮೊದಲು ಚೆಂಡನ್ನು ಹಿಂದಕ್ಕೆ, ಪಕ್ಕಕ್ಕೆ ಎಸೆಯುತ್ತಾ ಹೋದರು. ಹದಿನೈದು ಸಲ! ಎರಡು ಸೆಕೆಂಡಿನ ಆಟ ಒಂದು ನಿಮಿಷ ದಾಟಿತು, ಕೊನೆಗೆ ರೈಲಿ ಕರ್ರಿ ಗೆರೆ ಮುಟ್ಟಿದ. 28-24. ಆ ನಿಮಿಷ ನೋಡುವಾಗ ನನಗೂ ಮೈ ಜುಮ್ಮೆನ್ನುತ್ತದೆ, ಸುಳ್ಳು ಹೇಳಲಾರೆ.

ಹೊಳೆದಂಡೆ, ಪೆನ್ಸಿಲ್ವೇನಿಯಾ

ಇವೆಲ್ಲ ಎಷ್ಟು ದಿನ ಇರುತ್ತವೋ ಅನ್ನುವ ಚಿಂತೆ ನನಗೆ. ಸ್ವಾರ್ಥ್‌ಮೋರ್ 2000ದಲ್ಲೇ ಫುಟ್‌ಬಾಲ್ ನಿಲ್ಲಿಸಿತು. ಐಯೋವಾದ ಗ್ರಿನೆಲ್ 2019ರಲ್ಲಿ ಆಡಲು ಹುಡುಗರು ಸಾಲದೆ ಸೀಸನ್ನನ್ನು ಅರ್ಧಕ್ಕೆ ಬಿಟ್ಟಿತು. ಕೆಲವು ಕಡೆ ಕಾಲೇಜೇ ಮುಚ್ಚುತ್ತಿದೆ.

ಮಂಜಿನೂರು, ಮಿನ್ನೆಸೋಟ

ನಮ್ಮಲ್ಲೂ ಒಂದು ಕೊಂಡಿ ಕಳಚಿತು. ಸೇಂಟ್ ಥಾಮಸ್ ಮತ್ತು ಸೇಂಟ್ ಜಾನ್ಸ್ 1901ರಿಂದ ಆಡುತ್ತಿದ್ದವು. 2017ರಲ್ಲಿ ಮಿನ್ನಿಯಾಪೊಲಿಸ್‌ನ ಟಾರ್ಗೆಟ್ ಫೀಲ್ಡ್‌ನಲ್ಲಿ ಆ ಪಂದ್ಯಕ್ಕೆ 37,355 ಜನ ಬಂದರು, ಡಿವಿಷನ್ 3ರ ದಾಖಲೆ. ಅದೇ ವರ್ಷ ಸೇಂಟ್ ಥಾಮಸ್ ಇನ್ನೊಂದು ಸಣ್ಣ ಕಾಲೇಜನ್ನು 97-0ರಲ್ಲಿ ಸೋಲಿಸಿತು. 2019ರಲ್ಲಿ ಉಳಿದ ಕಾಲೇಜುಗಳು ಅದನ್ನು ಕೂಟದಿಂದ ಹೊರಹಾಕಲು ತೀರ್ಮಾನಿಸಿದವು, 2021ಕ್ಕೆ ಅದು ನೇರ ಡಿವಿಷನ್ 1ಕ್ಕೆ ಹೋಯಿತು. ಸಣ್ಣವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಆ ಪಂದ್ಯ ಇಲ್ಲದ ಶರತ್ಕಾಲ ಬಿಕೋ ಅನ್ನುತ್ತದೆ.

ಕಾವೇರಿತೀರ ಸರ್, ನೀವು ಸೇಂಟ್ ಪಾಲ್‌ನಲ್ಲೇ ಇದ್ದೀರಿ ಅಂತ ಇವತ್ತೇ ಗೊತ್ತಾದದ್ದು. ಈಗಲೂ ಆಟಕ್ಕೆ ಹೋಗುತ್ತೀರಾ?

ಕಾವೇರಿತೀರ, ಸೇಂಟ್ ಪಾಲ್

ಇಲ್ಲಪ್ಪಾ. ಮನೆಯವಳು ಹೋದ ಮೇಲೆ ಹೋಗಿಲ್ಲ. ಮಂಡಿ ನೋವು, ರಾತ್ರಿ ಡ್ರೈವಿಂಗ್ ಬಿಟ್ಟಿದ್ದೇನೆ.

ಮಂಜಿನೂರು, ಮಿನ್ನೆಸೋಟ

ಕಾಲೇಜ್‌ವಿಲ್‌ಗೆ ನಿಮ್ಮ ಮನೆಯಿಂದ ಒಂದೂವರೆ ಗಂಟೆ. ಬರುವ ಸೀಸನ್ನಿನ ಮೊದಲ ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಾರು ತರುತ್ತೇನೆ. ದಿಬ್ಬ ಹತ್ತುವುದು ಬೇಡ, ಬಾಗಿಲಿನ ಹತ್ತಿರವೇ ಕೂರೋಣ. ಕಂಬಳಿ, ಫ್ಲಾಸ್ಕಿನಲ್ಲಿ ಕಾಫಿ ನನ್ನದು.

ಕಾವೇರಿತೀರ, ಸೇಂಟ್ ಪಾಲ್

ಸರಿ. ಚಿತ್ರಾನ್ನ ನಾನು ಕಲಸಿ ತರುತ್ತೇನೆ. ಆ ಪತ್ರಿಕೆ ತುಂಡನ್ನೂ ತರುತ್ತೇನೆ, ನೋಡುವಿರಂತೆ.